ಥಾಂಗ್ ಅಜ್ಜ ಇನ್ನೂ ತೀರಿಕೊಂಡಿಲ್ಲ

ಅಕ್ಟೋಬರ್ 20, ಮಂಗಳವಾರ. ಬೆಳಿಗ್ಗೆ 7.30

ಪ್ರಸಾರ ಮುಗಿಯಿತು. ಮೈಕ್ ತಟ್ಟಿ, ಒಮ್ಮೆ ಕೆಮ್ಮಿ, ಹಳೆಬಾವಿ ವಾರ್ಡಿನ ಮಹಾಜನರಿಗೆ ನಗರದ ಆಗುಹೋಗು ತಿಳಿಸಿದ್ದಾಯಿತು. ನಾಳೆ ಬುಧವಾರ, ಕಸದ ಲಾರಿ ಇಲ್ಲ — ಚೀಲ ಹಿಡಿದು ಬೀದಿಯಲ್ಲಿ ನಿಲ್ಲಬೇಡಿ. ಶುಕ್ರವಾರ ಡೆಂಗ್ಯೂ ತಪಾಸಣೆ — ಹೂಕುಂಡದ ತಟ್ಟೆಯ ನೀರು ಚೆಲ್ಲಿ. ಹಿರಿಯರಿಗೆ ಫ್ಲೂ ಇಂಜೆಕ್ಷನ್, ದೇವಸ್ಥಾನದ ಅಂಗಳದಲ್ಲಿ.

ಒಳಗಿನಿಂದ ಬಾವ್-ಛಿನ್ ಕೂಗಿದಳು. "ರೀ, ಫ್ಲೂ ಅಂತ ಮೂರು ಸಲ ಹೇಳಿದ್ರಿ. ಒಬ್ಬೊಬ್ರಿಗೆ ಮೂರು ಇಂಜೆಕ್ಷನ್ನಾ?"

ಮದುವೆಯಾದಂದಿನಿಂದ ಈಕೆಯೊಬ್ಬಳೇ ನನ್ನ ವಿರೋಧ ಪಕ್ಷ. ಈ ವರ್ಷ ಇನ್ನೊಂದು ಹುಟ್ಟಿಕೊಂಡಿದೆ. ಹೆಸರು ಫಾನ್ ಯೂ-ಝೆನ್. ನನ್ನ ಸೊಸೆಯ ವಯಸ್ಸು. ಸ್ಪೀಕರ್ ಹಳೇಕಾಲದ್ದಂತೆ, ಎಲ್ಲ ಮೊಬೈಲಿನಲ್ಲೇ ಆಗಬೇಕಂತೆ. ನಿನ್ನೆ ಮಾರ್ಕೆಟ್ಟಿನಲ್ಲಿ ತನ್ನ ಮುಖ ಅಚ್ಚುಹಾಕಿದ ಟಿಶ್ಯೂ ಪೊಟ್ಟಣ ಹಂಚಿದಳು. ಬಾವ್-ಛಿನ್ ಒಂದು ತಂದು ಒಲೆ ಒರೆಸಿ, "ಮೆತ್ತಗಿದೆ ಕಣ್ರೀ" ಅಂದಳು. ನನ್ನ ಟಿಶ್ಯೂ ಬಗ್ಗೆ ಈ ಮಾತು ಇದುವರೆಗೆ ಬಂದಿಲ್ಲ.

ವಾರ್ಡಿನ ಮುಖ್ಯಸ್ಥನ ಚುನಾವಣೆ ಮುಂದಿನ ತಿಂಗಳ ಕೊನೇ ಶನಿವಾರ; ಕಣದಲ್ಲಿ ನಾನು, ಅವಳು. ಎಡಗಣ್ಣು ಹಾರುತ್ತಿದೆ. ಕೂತರೆ ನಿಲ್ಲಬೇಕು ಅನಿಸುತ್ತದೆ, ನಿಂತರೆ ಮೈಕ್ ತಟ್ಟಬೇಕು ಅನಿಸುತ್ತದೆ.

ಅಕ್ಟೋಬರ್ 22, ಗುರುವಾರ. ಸಂಜೆ

ಸೋತೆ. ನಾಲ್ಕನೇ ಗಲ್ಲಿಯಲ್ಲಿ ಸಾವು. ವಾರ್ಡಿನ ಮುಖ್ಯಸ್ಥ ಎಂಬ ಈ ಬಡಪಾಯಿ ಸಂತಾಪ ಬರೆದ ಬಟ್ಟೆಯ ಪಟ್ಟಿ ಹೊತ್ತು ಬೆವರುತ್ತ ಹೋದರೆ, ಅಲ್ಲಿ ಫಾನ್‌ಳ ಪಟ್ಟಿ ಆಗಲೇ ತೂಗಾಡುತ್ತಿತ್ತು. ನನ್ನದಕ್ಕಿಂತ ಒಂದು ಮೊಳ ಉದ್ದ. ಸತ್ತವರ ಮಗ ನನ್ನ ಕೈ ಕುಲುಕಿ, "ಬಂದ್ರಲ್ಲ, ಸಾಕು" ಅಂದ. ಬಂದ್ರಲ್ಲ, ಸಾಕು! ಎಂಟು ವರ್ಷದ ಸೇವೆಗೆ ಸಿಕ್ಕ ಬಿರುದು.

ಇನ್ನು ಮೇಲೆ ಯಾವ ಮನೆಯಲ್ಲೇ ಆಗಲಿ, ಮೊದಲ ಸಂತಾಪ ನನ್ನದೇ. ಸ್ಪೀಕರ್ ಇರುವವನು ನಾನು. ಅದರಲ್ಲಿ ನಗರದ ಸಮಾಚಾರ ಬಿಟ್ಟರೆ ಹೇಳುವುದು ಸಾವಿನ ಸುದ್ದಿ ಮಾತ್ರ. ಮದುವೆ, ನಾಮಕರಣ ಹೇಳುವುದಿಲ್ಲ. ಒಬ್ಬರದು ಹೇಳಿದರೆ ಎಲ್ಲರದೂ ಹೇಳಬೇಕು, ಆಮೇಲೆ ಬೆಕ್ಕು ಮರಿ ಹಾಕಿದ್ದನ್ನೂ ಹೇಳಬೇಕು.

ಒಂಬತ್ತನೇ ಗಲ್ಲಿಯ ಥಾಂಗ್ ಅಜ್ಜನನ್ನು ಭಾನುವಾರ ಆಂಬುಲೆನ್ಸಿನಲ್ಲಿ ಕರೆದುಕೊಂಡು ಹೋದರು. ಎಂಬತ್ತೊಂದು ವಯಸ್ಸು. ಬಸ್ ಡ್ರೈವರ್ ಆಗಿದ್ದವರು. ನಾನು ಸ್ಕೂಲಿಗೆ ಹೋಗಿದ್ದು ಅವರ ಬಸ್ಸಿನಲ್ಲಿ. ಮನೆಗೆ ಬೀಗ. ಒಂದೇ ಮಗಳು, ಥೈಚುಂಗ್‌ನಲ್ಲಿದ್ದಾಳೆ, ಫೋನ್ ಎತ್ತುತ್ತಿಲ್ಲ. ಮನಸ್ಸು ಸರಿಯಿಲ್ಲ.

ಅಕ್ಟೋಬರ್ 24, ಶನಿವಾರ. ಮಧ್ಯಾಹ್ನ

ಒಂಬತ್ತನೇ ಗಲ್ಲಿಯಲ್ಲಿ ಶಾಮಿಯಾನದ ಲಾರಿ. ಥಾಂಗ್ ಅಜ್ಜನ ಮನೆ ಮುಂದೆ ಕಬ್ಬಿಣದ ಕಂಬ ಇಳಿಸುತ್ತಿದ್ದ. ಸ್ಕೂಟರ್ ನಿಲ್ಲಿಸಿದೆ.

"ಇವರ ಮನೇದೇನಪ್ಪಾ?"

"ಹೂಂ ಸಾರ್, ಥಾಂಗ್ ಅವರದು."

"ಎಷ್ಟು ದಿನ ಇರುತ್ತೆ?"

"ಎರಡು ವಾರ ಇಲ್ಲೇ ಬಿದ್ದಿರುತ್ತೆ. ಮಗಳು ಫೋನ್ ಮಾಡಿ ಹೇಳಿದ್ರು."

ಅರ್ಥವಾಯಿತು. ಮದುವೆಯ ಶಾಮಿಯಾನ ಬೆಳಿಗ್ಗೆ ಏಳುತ್ತದೆ, ರಾತ್ರಿ ಇಳಿಯುತ್ತದೆ. ವಾರಗಟ್ಟಲೆ ರಸ್ತೆ ಹಿಡಿಯುವುದು ಇನ್ನೊಂದೇ. ಬಟ್ಟೆ ಇನ್ನೂ ಬಂದಿರಲಿಲ್ಲ. ಬಂದಿದ್ದರೆ ಬಣ್ಣವೇ ಹೇಳುತ್ತಿತ್ತು, ಮದುವೆಗಾದರೆ ಕೆಂಪು. ಬಾಯಿಬಿಟ್ಟು ಕೇಳುವಂತಿಲ್ಲ. ಅಂಥ ಮಾತು ಕೇಳಿದರೆ ಕೇಳಿದವನಿಗೂ ಅಪಶಕುನ, ಕೇಳಿಸಿಕೊಂಡವನಿಗೂ ಅಪಶಕುನ. ನಮ್ಮಲ್ಲಿ ತಿಳಿದವರು ಕೇಳುವುದಿಲ್ಲ, ತಲೆ ತಗ್ಗಿಸುತ್ತಾರೆ. ತಗ್ಗಿಸಿದೆ. ಅವನೂ ಯಾಕೋ ತಗ್ಗಿಸಿದ.

ಪಾಪ ಅಜ್ಜ. ಬಸ್ಸಿನ ಬಾಗಿಲಲ್ಲಿ ನೇತಾಡಿದರೆ ಕಿವಿ ಹಿಂಡುತ್ತಿದ್ದರು.

ಫಾನ್‌ಗೆ ಇನ್ನೂ ಗೊತ್ತಿಲ್ಲ. ಬೆಳಿಗ್ಗೆ ಏಳಕ್ಕೆ ನಾನೇ ಮೊದಲು.

ಅಕ್ಟೋಬರ್ 25, ಭಾನುವಾರ. ಬೆಳಿಗ್ಗೆ 7.15

ಗದ್ಗದಿತನಾಗಿಯೇ ಹೇಳಿದೆ. "ನಮ್ಮ ವಾರ್ಡಿನ ಹಿರಿಯ ಚೇತನ, ಒಂಬತ್ತನೇ ಗಲ್ಲಿಯ ಶ್ರೀ ಥಾಂಗ್ ನಮ್ಮನ್ನಗಲಿದ್ದಾರೆ. ಇದು ತುಂಬಲಾರದ ನಷ್ಟ." ಆಮೇಲೆ ಕಸದ ಲಾರಿ, ಸೊಳ್ಳೆ. ಚೆನ್ನಾಗಿ ಬಂತು. ಬಾವ್-ಛಿನ್ ಕೂಡ ಕಣ್ಣು ಒರೆಸಿಕೊಂಡಳು. ಫಾನ್‌ಳ ಟಿಶ್ಯೂವಿನಿಂದ.

ಅದೇ ದಿನ, 8.00



ಬಾಗಿಲು ತೆರೆಯಿತು. ಥಾಂಗ್ ಅಜ್ಜ. ಪೈಜಾಮ, ಮೇಲೆ ಕೋಟು, ಕೈಯಲ್ಲಿ ಕೋಲು.

"ಲಿಯಾವ್, ನಾನು ಎಷ್ಟು ಗಂಟೆಗೆ ಸತ್ತೆ ಅಂತ ತಿಳ್ಕೊಳೋಣ ಅಂತ ಬಂದೆ."

ಕಾಲು ನೆಲಕ್ಕೆ ತಾಗಿದೆಯಾ ಎಂದು ನೋಡಿದೆ. ತಾಗಿತ್ತು.

"ಪಿತ್ತಕೋಶದ ಕಲ್ಲು ಕಣಯ್ಯಾ. ತೆಗೆದ್ರು. ನಿನ್ನೆ ರಾತ್ರಿ ಮನೆಗೆ ಬಂದು ಮಲಗಿದೆ. ಬೆಳಿಗ್ಗೆ ಹಲ್ಲುಜ್ಜುತ್ತಾ ಇದೀನಿ, ಕಂಬದ ಮೇಲಿಂದ ನೀನು ನನಗೆ ಸದ್ಗತಿ ಕೋರ್ತಾ ಇದೀಯ. ಪಕ್ಕದ ಮನೆಯವಳು ಸಾವಿನ ಮನೆಗೆ ದುಡ್ಡು ಕೊಡೋ ಬಿಳಿ ಲಕೋಟೆ ಹಿಡ್ಕೊಂಡು ಬಂದ್ಲು. ಬಾಗಿಲು ತೆಗೆದವನು ನಾನು. ಲಕೋಟೆ ಅಲ್ಲೇ ಬಿಸಾಕಿ ಓಡಿದ್ಲು."

"ಅಜ್ಜಾ... ಆ ಕಂಬಗಳು..."

"ನನ್ನ ಮದುವೆಗೆ."

ಕುರ್ಚಿ ಹುಡುಕಿಕೊಂಡು ಕೂತೆ.

ನವೆಂಬರ್ ಎಂಟು, ಭಾನುವಾರ, ಪಂಚಾಂಗದಲ್ಲಿ ಒಳ್ಳೇ ದಿನ. ಹುಡುಗಿ — ಎಪ್ಪತ್ತೆರಡು — ಮೂಲೆಯಲ್ಲಿ ಗಾಡಿ ಇಟ್ಟುಕೊಂಡು ಬಟ್ಟಲು ಕಡುಬು ಮಾರುವ ಗ್ವೇ ಅಕ್ಕ. ಈ ತಿಂಗಳು ಶುಭದಿನಗಳು ಹೆಚ್ಚು, ಗೋಡೌನಿನಲ್ಲಿ ಜಾಗವಿಲ್ಲ ಎಂದು ಶಾಮಿಯಾನದವನು ಕಂಬ ಮೊದಲೇ ಇಳಿಸಿದ್ದು. ವಯಸ್ಸಿಗೆ ನಾಚಿಕೊಂಡು ಇಬ್ಬರೂ ಯಾರಿಗೂ ಹೇಳಿರಲಿಲ್ಲ.

ಅಜ್ಜ ಎದ್ದು ನಿಂತರು. "ನನ್ನ ವಿಷಯ ಬಿಡು. ನಾನು ನಗ್ತೀನಿ. ಅವಳು ಏನಂತಾಳೋ."

ಆ ಮಾತು ಅರ್ಥವಾಗಲಿಲ್ಲ.

ಅಕ್ಟೋಬರ್ 26, ಸೋಮವಾರ

ತಪ್ಪೊಪ್ಪಿಗೆ ಪ್ರಸಾರ ಮಾಡಬೇಕು ಎಂದು ನಿನ್ನೆಯೇ ಜಿಲ್ಲಾ ಕಚೇರಿಯ ಗುಮಾಸ್ತನ ಮನೆಗೆ ಫೋನ್ ಮಾಡಿದರೆ ಅವನು ಬಿಡಲೊಲ್ಲ. ಚುನಾವಣಾ ಕಾಲ, ಸ್ಪೀಕರ್ ಸರ್ಕಾರಿ ಕೆಲಸಕ್ಕೆ ಮಾತ್ರ, ಖಾಸಗಿ ಕ್ಷಮಾಪಣೆ ಅದರಲ್ಲಿ ಬರುವುದಿಲ್ಲ. "ತಿದ್ದುಪಡಿ ಅಂತ ಹಾಕಿ ಸಾರ್, ನಡೆಯುತ್ತೆ" ಅಂದ. ಸರಿ, ಇವತ್ತು ಬೆಳಿಗ್ಗೆ ಏಳು ಗಂಟೆಗೆ ಹೇಳಿದೆ:

"ನಿನ್ನೆಯ ಪ್ರಕಟಣೆಗೆ ತಿದ್ದುಪಡಿ. ಒಂಬತ್ತನೇ ಗಲ್ಲಿಯ ಶ್ರೀ ಥಾಂಗ್ ಇನ್ನೂ ತೀರಿಕೊಂಡಿಲ್ಲ. ಮುಂದಿನ ಬೆಳವಣಿಗೆಗಳನ್ನು ಕಾಲಕಾಲಕ್ಕೆ ತಿಳಿಸಲಾಗುವುದು."

ಹೇಳಿ ಮುಗಿಸಿ ಮೈಕ್ ಇಟ್ಟೆ. ಆಮೇಲೆ ಕೇಳಿಸಿತು ನಾನು ಹೇಳಿದ್ದು. ಎಂಟು ವರ್ಷದ ಅಭ್ಯಾಸ. ಚರಂಡಿ ಕೆಲಸಕ್ಕೂ ಅದೇ ಸಾಲು, ಸೇತುವೆ ರಿಪೇರಿಗೂ ಅದೇ ಸಾಲು, ನಾಲಿಗೆ ತಾನಾಗಿ ಹರಿಯಿತು.

ಬಾವ್-ಛಿನ್ ಅಡುಗೆಮನೆಯಿಂದ ಬಂದಳು. ಕೈಯಲ್ಲಿ ಸೌಟು. "ಇನ್ನೂ ತೀರಿಕೊಂಡಿಲ್ಲವಾ? ಇನ್ನೂ? ರೀ, ನಿಮ್ಮ ನಾಲಿಗೆಯನ್ನ ಆ ಸೊಳ್ಳೆ ಇಲಾಖೆಯವರಿಗೆ ತೋರಿಸಿ."

ಮಧ್ಯಾಹ್ನದ ಹೊತ್ತಿಗೆ ಆ ಎರಡು ಸಾಲು ವಿಡಿಯೋ ಆಗಿ ವಾರ್ಡಿನ ಎಲ್ಲ ಮೊಬೈಲಿನಲ್ಲಿ. ಕೆಳಗೆ ನಗುವ ಮುಖಗಳು. ಫಾನ್ ಕಳಿಸಿದ್ದಲ್ಲ, ಅದೇ ಇನ್ನೂ ಕಷ್ಟ. ಬೈಯಲು ಯಾರೂ ಸಿಗಲಿಲ್ಲ.

ಅಕ್ಟೋಬರ್ 27, ಮಂಗಳವಾರ

ಗ್ವೇ ಅಕ್ಕನ ಗಾಡಿಗೆ ಹೋದೆ. ಹಬೆ ಏಳುತ್ತಿತ್ತು. ಬಟ್ಟಲಿನಿಂದ ಕಡುಬು ಬಿಡಿಸುತ್ತ ಇದ್ದಳು, ಮುಖ ಎತ್ತಲಿಲ್ಲ.

"ಅಕ್ಕಾ, ಕ್ಷಮಿಸು."

"ಮದುವೆ ಇಲ್ಲ ಅಂತ ಅವರಿಗೆ ಹೇಳಿಬಿಟ್ಟೆ."

"ನನ್ನ ತಪ್ಪಿಗೆ ನೀನು ಯಾಕೆ—"

"ಮೊದಲನೆಯವನು ಸಮುದ್ರಕ್ಕೆ ಹೋದವನು ಬರಲಿಲ್ಲ. ಎರಡನೆಯವನು ಊಟಕ್ಕೆ ಕೂತವನು ಏಳಲಿಲ್ಲ. ಈ ಬೀದಿಯಲ್ಲಿ ನನ್ನ ಹೆಸರೇನು ಗೊತ್ತಾ? ಗಂಡನ್ನ ತಿನ್ನೋಳು. ಎದುರಿಗೆ ಕಡುಬು ತಿಂತಾರೆ, ಹಿಂದೆ ಹೀಗಂತಾರೆ. ನಂಬಬಾರದು ಅಂತ ನಾನೂ ಗಟ್ಟಿ ಮನಸ್ಸು ಮಾಡ್ಕೊಂಡಿದ್ದೆ. ಥಾಂಗ್ ಎರಡು ವರ್ಷ ಬೆನ್ನು ಹತ್ತಿದ ಮೇಲೆ ಹೂಂ ಅಂದೆ. ಹೂಂ ಅಂದ ತಿಂಗಳೊಳಗೆ ಆಂಬುಲೆನ್ಸು. ಆಮೇಲೆ ನೀನು."

ಸ್ಪೀಕರಿನ ಕಂಬ ಅವಳ ಗಾಡಿಯ ತಲೆಯ ಮೇಲೇ ಇದೆ. ಅದರತ್ತ ಚಮಚ ತೋರಿಸಿದಳು.

"ಅಲ್ಲಿಂದ ನನ್ನ ಹೆಸರು ಯಾವಾಗ ಬಂದಿದೆ ಹೇಳು. ಗಾಡಿ ತೆಗಿ ಅಂತ ಬಂದಿದೆ. ಎರಡನೆಯವನು ಹೋದ ದಿನ ಬಂದಿದೆ. ಮೊನ್ನೆ ಮತ್ತೆ ಅದೇ ಧ್ವನಿ. ಅದೇ ಕೆಮ್ಮು, ಅದೇ ತುಂಬಲಾರದ ನಷ್ಟ. ಹೆಸರು ಮಾತ್ರ ಬೇರೆ. ಕೈಲಿದ್ದ ಬಟ್ಟಲು ಬಿದ್ದುಹೋಯ್ತು ಲಿಯಾವ್. ಅವರು ಬದುಕಿದಾರೆ ಅಂತ ಗೊತ್ತಾಗೋಕೆ ಮುಂಚೆ ನನಗೆ ಬಂದ ಮೊದಲ ಯೋಚನೆ ಏನು ಗೊತ್ತಾ? ಹಾಗಾದ್ರೆ ಬೀದಿಯವರು ಹೇಳ್ತಿದ್ದಿದ್ದು ನಿಜ, ಅಂತ."

ಎರಡು ಕಡುಬು ಕೊಂಡೆ. 

ನವೆಂಬರ್ 1, ಭಾನುವಾರ

ನಾಲ್ಕು ದಿನ ಬರೆಯಲಿಲ್ಲ. ಪ್ರಸಾರವನ್ನೂ ಚುಟುಕಾಗಿ ಮುಗಿಸಿದೆ. ಕಸ. ಸೊಳ್ಳೆ. ನಮಸ್ಕಾರ. ಜನರಿಗೆ ಗಾಬರಿಯಾಗಿ, ಲೀಜಾಂಗ್‌ಗೆ ಏನಾಯ್ತು, ಅವರನ್ನೂ ಆಂಬುಲೆನ್ಸಿನಲ್ಲಿ ಒಯ್ದರಾ ಎಂದು ಮೂವರು ವಿಚಾರಿಸಿದರು. ವಾರ್ಡಿನವರು ಮುಖ್ಯಸ್ಥನನ್ನು ಲೀಜಾಂಗ್ ಅನ್ನುವುದು ಗೌರವಕ್ಕೆ. ಈಗೀಗ ಆ ಪದದ ಕೊನೆಯಲ್ಲಿ ನಗು ಅಂಟಿರುತ್ತದೆ.

ಬೆಳಿಗ್ಗೆ ದೇವಸ್ಥಾನಕ್ಕೆ ಹೋದೆ. ಎಲ್ಲ ಸರಿಹೋಗುತ್ತದಾ ತಾಯಿ, ಎಂದು ಕೇಳಿ ಮರದ ಅರ್ಧಚಂದ್ರ ಎರಡನ್ನೂ ನೆಲಕ್ಕೆ ಬಿಟ್ಟೆ. ಒಂದು ಅಂಗಾತ, ಒಂದು ಬೋರಲು ಬಿದ್ದರೆ ಹೌದು. ಎರಡೂ ಅಂಗಾತ ಬಿದ್ದವು: ದೇವಿ ನಗುತ್ತಿದ್ದಾಳೆ. ಮತ್ತೆ ಬಿಟ್ಟೆ. ನಗು. ಇನ್ನೊಮ್ಮೆ. ನಗು. ಅರ್ಚಕ ಪೊರಕೆ ಹಿಡಿದು ನಿಂತಿದ್ದವನು, "ಅಮ್ಮನಿಗೂ ವಿಡಿಯೋ ತಲುಪಿದೆ ಅನ್ಸುತ್ತೆ" ಅಂದ.

ನವೆಂಬರ್ 3, ಮಂಗಳವಾರ. ಸಂಜೆ

ಥಾಂಗ್ ಅಜ್ಜ ಬಂದರು. ಸೊರಗಿದ್ದಾರೆ. ಆಪರೇಷನ್ನಿನಿಂದಲ್ಲ.

"ಬಾಗಿಲು ತಟ್ಟಿದ್ರೆ ತೆಗೀತಿಲ್ಲ. ಕಡುಬು ಕೊಳ್ಳೋಕೆ ಹೋದ್ರೆ ಕಡುಬು ಕೊಡ್ತಾಳೆ, ಚಿಲ್ಲರೆ ಕೊಡ್ತಾಳೆ, ಮಾತು ಕೊಡಲ್ಲ. ನಂಗೆ ನೀನು ಸಾಯಿಸಿದ್ದು ಏನೂ ಅಲ್ಲ ಲಿಯಾವ್. ಇದು ಸಾಯಿಸ್ತಾ ಇದೆ."

"ನಾನು ಏನು ಮಾಡ್ಲಿ, ಹೇಳಿ ಅಜ್ಜಾ."

"ಹಿರಿಯರು ಏನು ಮಾಡ್ತಿದ್ರು? ಗ್ರಹಚಾರ ಕಳೆಯೋಕೆ ಹಂದಿಕಾಲು ಶಾವಿಗೆ. ತಪ್ಪು ಮಾಡಿದವನು ಬೀದಿಗೆಲ್ಲ ಬಡಿಸ್ತಾನೆ, ಸುದ್ದಿ ಕೇಳಿದವರೆಲ್ಲ ತಿಂತಾರೆ, ಅಪಶಕುನ ಹೊಟ್ಟೆಯಲ್ಲಿ ಕರಗಿಹೋಗುತ್ತೆ. ಅವಳು ನನ್ನ ಮಾತು ನಂಬಲ್ಲ. ಶಾವಿಗೆ ನಂಬ್ತಾಳೆ."

ಆಯಿತು ಅಂದೆ. ಬಾಯಿ ಮುಚ್ಚುವ ಮೊದಲೇ ನೆನಪಾಯಿತು. ಅಭ್ಯರ್ಥಿ ಮತದಾರನಿಗೆ ಮೂವತ್ತು ಯುವಾನ್ ಮೀರಿದ ಏನನ್ನೂ ಕೊಡುವಂತಿಲ್ಲ; ಅದಕ್ಕೇ ಎಲ್ಲರೂ ಟಿಶ್ಯೂ ಹಂಚುವುದು. ಬೀದಿಗೆ ಹಂದಿಕಾಲು ಬಡಿಸಿದರೆ ಅದು ವೋಟಿಗೆ ಲಂಚ. ಪ್ರಾಸಿಕ್ಯೂಟರ್ ನೇರ ಸಾರಿನ ಪಾತ್ರೆಗೇ ಕೈಹಾಕುತ್ತಾನೆ.

"ಹಾಗಾದ್ರೆ ನಿಲ್ಲಲ್ಲ ಅಂದುಬಿಡು" ಅಂದರು ಅಜ್ಜ.

ಕೇಳಿದೆ ಅದನ್ನೂ. ಗುಮಾಸ್ತ ನಕ್ಕ: ನಾಮಪತ್ರ ವಾಪಸಿನ ಕಾಲ ಯಾವತ್ತೋ ಮುಗಿದಿದೆ ಸಾರ್, ಈಗ ನೀವು ಬೇಡ ಅಂದರೂ ಅಭ್ಯರ್ಥಿಯೇ. ಬಡಿಸದಿದ್ದರೆ ಮದುವೆ ಇಲ್ಲ. ಬಡಿಸಿದರೆ ಜೈಲು. ಹಳೆಬಾವಿಯ ಇತಿಹಾಸದಲ್ಲಿ ಶಾವಿಗೆಯ ಮುಂದೆ ಇಷ್ಟು ಅಸಹಾಯಕನಾದ ಜನಪ್ರತಿನಿಧಿ ಇನ್ನೊಬ್ಬನಿಲ್ಲ.

ನವೆಂಬರ್ 4, ಬುಧವಾರ

ಬಾವ್-ಛಿನ್ ಬೆಳ್ಳುಳ್ಳಿ ಸುಲಿಯುತ್ತ, ನನ್ನ ಕಡೆ ನೋಡದೆ:

"ನೀವು ಬಡಿಸೋದು ತಾನೇ ತಪ್ಪು? ಅವರವರ ಬಟ್ಟಲು, ಅವರವರ ಶಾವಿಗೆ, ಅವರವರ ಹಂದಿಕಾಲು ತರಲಿ. ನೀವು ಬೆಂಕಿ ಹಚ್ಚಿ ಸಾಕು. ಬೆಂಕಿ ಹಚ್ಚೋದು ನಿಮಗೆ ಹೇಗೂ ಗೊತ್ತು."

ಗುಮಾಸ್ತನಿಗೆ ಫೋನ್. ಬೆಂಕಿ ಉಡುಗೊರೆಯಾ? ಬಹಳ ಹೊತ್ತು ಸಂಗೀತ ಕೇಳಿಸಿದರು. ಬಂದ. "ಗ್ಯಾಸ್ ಖರ್ಚು ತಲೆಗೆ ಎಷ್ಟು ಬೀಳುತ್ತೆ?" ಒಂದು ಸಿಲಿಂಡರು, ಒಂದು ಗಲ್ಲಿ. ಮೂವತ್ತಕ್ಕಿಂತ ಎಷ್ಟೋ ಕಡಿಮೆ. "ಹಾಗಾದ್ರೆ ಟಿಶ್ಯೂ ಲೆಕ್ಕ ಸಾರ್" ಅಂದ.

ನವೆಂಬರ್ 5, ಗುರುವಾರ. ಬೆಳಿಗ್ಗೆ 7.10

"ನಾಳೆ ಸಂಜೆ ಒಂಬತ್ತನೇ ಗಲ್ಲಿಯಲ್ಲಿ ಒಲೆ ಉರಿಯುತ್ತದೆ. ಒಲೆ ಮಾತ್ರ. ಮುಖ್ಯಸ್ಥನಿಂದ ಉಪ್ಪೂ ಸಿಗುವುದಿಲ್ಲ. ಮೊನ್ನೆಯ ತಪ್ಪು ಪ್ರಕಟಣೆ ಕೇಳಿದವರೆಲ್ಲ ತಮ್ಮ ತಮ್ಮ ಬಟ್ಟಲು, ಶಾವಿಗೆ, ಹಂದಿಕಾಲು ತಂದು, ಅದನ್ನು ನಗರದ ಹಿತದೃಷ್ಟಿಯಿಂದ ತಿಂದುಹಾಕಬೇಕಾಗಿ ವಿನಂತಿ."

ಬರುತ್ತಾರಾ? ಗೊತ್ತಿಲ್ಲ. ಎಡಗಣ್ಣು ನಿಂತಿದೆ. ಈಗ ಬಲಗಣ್ಣು.

ನವೆಂಬರ್ 6, ಶುಕ್ರವಾರ

ಬಂದರು! ಮೊದಲು ಯಾರೂ ಇರಲಿಲ್ಲ — ನಾನು, ಒಲೆ, ಕಬ್ಬಿಣದ ಕಂಬಗಳು. ಕತ್ತಲಾಗುತ್ತಿದ್ದಂತೆ ಒಬ್ಬೊಬ್ಬರೇ. ಕೆಂಪು ದಾರ ಸುತ್ತಿದ ಶಾವಿಗೆ ಕಟ್ಟು, ಮುಚ್ಚಿದ ಪಾತ್ರೆ, ಮನೆಯಿಂದ ತಂದ ಸ್ಟೂಲು. ಬಿಳಿ ಲಕೋಟೆ ಬಿಸಾಕಿ ಓಡಿದ ಪಕ್ಕದ ಮನೆಯವಳೂ ಬಂದು, ಅಜ್ಜನನ್ನು ಹಿಂದೆ ಮುಂದೆ ನೋಡಿ, "ನೆರಳು ಬೀಳ್ತಿದೆ, ಪರವಾಗಿಲ್ಲ" ಅಂದಳು.

ಫಾನ್ ಕೂಡ. ತನ್ನದೇ ಬಟ್ಟಲು. "ಅಂಕಲ್, ಬಾಯಿ ಒರೆಸಿಕೊಳ್ಳೋಕೆ ಟಿಶ್ಯೂ ಬೇಕಾ? ಕಾನೂನಿನೊಳಗೇ ಇದೆ." ತಗೊಂಡೆ. ಮೆತ್ತಗೇ ಇದೆ, ಹಾಳಾದ್ದು.

ಥಾಂಗ್ ಅಜ್ಜ ನಡುವೆ ಕೂತು ಶಾವಿಗೆಯ ಎಳೆ ತುಂಡಾಗದಂತೆ ಎತ್ತಿ ಎತ್ತಿ ತಿಂದರು. ಆಯುಸ್ಸು ತುಂಡಾಗಬಾರದಲ್ಲ. ಎಲ್ಲರೂ ನೋಡುತ್ತಿದ್ದರು. ಅಜ್ಜ ಮಾತ್ರ ಗಲ್ಲಿಯ ಬಾಯಿಯತ್ತ ನೋಡುತ್ತಿದ್ದರು.

ಅಲ್ಲಿ ಗ್ವೇ ಅಕ್ಕನ ಗಾಡಿ. ಯಾವಾಗಿನಂತೆ ಕಡುಬು ಮಾರುತ್ತಿದ್ದಳು, ಕಂಬಗಳ ಒಳಗೆ ಕಾಲಿಡಲಿಲ್ಲ. ನಾನೇ ಹೋದೆ. ದುಡ್ಡು ಕೊಟ್ಟು ಒಂದು ಕಡುಬು ಕೊಂಡೆ.

"ಅಕ್ಕಾ, ಬೀದಿಯೆಲ್ಲ ತಿಂದುಹಾಕ್ತಾ ಇದೆ, ನೋಡು. ನೀನೊಬ್ಬಳೇ ಬಾಕಿ."

"ನೋಡ್ತಾ ಇದೀನಿ." ಏಪ್ರನ್ನಿಗೆ ಕೈ ಒರೆಸಿದಳು, ಮತ್ತೆ ಮತ್ತೆ. "ನಾನು ಶಾವಿಗೆಗೂ ಹೆದರಲ್ಲ, ಗ್ರಹಕ್ಕೂ ಹೆದರಲ್ಲ ಲಿಯಾವ್. ಅದಕ್ಕೆ ಹೆದರ್ತೀನಿ." ಸ್ಪೀಕರಿನ ಕಂಬದ ಕಡೆ ಗದ್ದ ಎತ್ತಿದಳು. "ಏಳು ಗಂಟೆ ಆಗುತ್ತೆ, ನೀನು ಕೆಮ್ಮುತ್ತೀಯ, ನಾನು ಕೈಲಿರೋ ಬಟ್ಟಲು ಕೆಳಗಿಡ್ತೀನಿ. ದಿನಾ. ಮದುವೆಯಾದರೆ ದಿನಾ ಬೆಳಿಗ್ಗೆ ಅವರ ಹೆಸರು ಬರುತ್ತಾ ಅಂತ ಕಾಯ್ಕೊಂಡು ಕೂರಬೇಕಾ?"

"ಹೊಸದಾಗಿ ಏನಾದ್ರೂ ಹೇಳ್ತೀನಿ ಅಕ್ಕಾ. ಭಾನುವಾರ."

"ನೀನು ಹೊಸದು ಹೇಳಿದ್ದು ನಾನು ಕೇಳಿಲ್ಲ." ಚಿಲ್ಲರೆ ಕೊಟ್ಟಳು. ಆಮೇಲೆ, ಹಬೆಯ ಹಿಂದಿನಿಂದ: "ಕೇಳ್ತೀನಿ. ಕೇಳಿ ಆಮೇಲೆ ನೋಡೋಣ."

ಬಂದು ಅಜ್ಜನಿಗೆ ಹೇಳಿದೆ. ಅಜ್ಜ ಚಾಪ್‌ಸ್ಟಿಕ್ ಕೆಳಗಿಟ್ಟರು. "ಅಂದ್ರೆ ನನ್ನ ಮದುವೆ ನಿನ್ನ ಬಾಯಲ್ಲಿದೆ." ಬಟ್ಟಲನ್ನೂ ಪಕ್ಕಕ್ಕೆ ಸರಿಸಿ, "ಸತ್ತೇ ಹೋಗಿದ್ರೆ ವಾಸಿಯಿತ್ತು" ಅಂದರು.

ನವೆಂಬರ್ 7, ಶನಿವಾರ

ಶಾಮಿಯಾನದ ಬಟ್ಟೆ ಬಂತು. ಕೆಂಪು. ಅಜ್ಜನ ಮಗಳು ಬಂದಿದ್ದಾಳೆ, ಕಟ್ಟಿಸುತ್ತಿದ್ದಾಳೆ. "ಆಗುತ್ತೋ ಇಲ್ವೋ, ಕಟ್ಟಿರಲಿ ಅಂಕಲ್" ಅಂದಳು.

ಬೆಳಿಗ್ಗೆಯಿಂದ ಬರೆಯುತ್ತಿದ್ದೇನೆ. 'ಹಿರಿಯ ಚೇತನಗಳು' — ಬೇಡ, ಅದು ಸತ್ತವರದು. 'ವಾರ್ಡಿಗೆ ಸಂತಸದ ವಿಷಯ' — ಚರಂಡಿ ಉದ್ಘಾಟನೆಗೆ ಅದನ್ನೇ ಹೇಳಿದ್ದೆ. 'ದಂಪತಿಗಳು ನೂರ್ಕಾಲ' — ಇಬ್ಬರ ವಯಸ್ಸು ಕೂಡಿಸಿದರೆ ನೂರು ಆಗಲೇ ದಾಟಿದೆ. ಎಂಟು ವರ್ಷ ದಿನಾ ಮಾತಾಡಿದ್ದೇನೆ. ಒಳ್ಳೇ ಸುದ್ದಿಗೆ ನನ್ನ ಹತ್ತಿರ ಒಂದು ಸಾಲೂ ಇಲ್ಲ.

ಬಾವ್-ಛಿನ್ ಒಂದೊಂದನ್ನೂ ಕೇಳಿದಳು. "ನಮ್ಮ ಮದುವೆ ಮಾತಿಗೆ ಬಂದಾಗ ನಮ್ಮಪ್ಪನ ಹತ್ರ ಏನಂದ್ರಿ, ನೆನಪಿದೆಯಾ?"

"ಇಲ್ಲ."

"ನನ್ನ ಹೆಸರು ಹೇಳಿದ್ರಿ. ಆಮೇಲೆ ಬಾಯಿ ಒಣಗಿಹೋಯ್ತು. ಅಷ್ಟೇ. ನಮ್ಮಪ್ಪನಿಗೆ ಅಷ್ಟು ಸಾಕಾಯ್ತು."

ನವೆಂಬರ್ 8, ಭಾನುವಾರ. ಬೆಳಿಗ್ಗೆ 6.50

ಮೈಕ್ ಮುಂದಿದೆ. ಚೀಟಿ ಪಕ್ಕದಲ್ಲಿದೆ. ಕ್ರಮ ಹೀಗೆ: ಭಾನುವಾರ, ಕಸದ ಲಾರಿ ಇಲ್ಲ. ಒಂಬತ್ತನೇ ಗಲ್ಲಿ ರಾತ್ರಿಯವರೆಗೆ ಬಂದ್, ಸ್ಕೂಟರಿನವರು ಸುತ್ತಿಕೊಂಡು ಹೋಗಿ. ಕಾರಣ — ಕಾರಣದ ಮುಂದೆ ಖಾಲಿ. ನಾಲ್ಕು ಸಲ ಬರೆದು ಹೊಡೆದಿದ್ದೇನೆ.

ಒಂದು ವಿಷಯ ಮಾತ್ರ ಖಚಿತ. ಕೆಮ್ಮಬಾರದು. ಜೇನು ನೆಕ್ಕಿದ್ದೇನೆ, ಬಿಸಿನೀರು ಕುಡಿದಿದ್ದೇನೆ.

6.56. ಕಿಟಕಿಯಿಂದ ಮೂಲೆ ಕಾಣುತ್ತದೆ. ಕಡುಬಿನ ಗಾಡಿ ಇಲ್ಲ. ಹೋದಳು. ಕೇಳದೆಯೇ ಹೋದಳು. ಅಜ್ಜನಿಗೆ ಏನು ಹೇಳಲಿ.

6.58. ಇಲ್ಲ. ಇದ್ದಾಳೆ. ಗಾಡಿ ತಂದಿಲ್ಲ, ಅಷ್ಟೇ. ಕಂಬದ ಕೆಳಗೆ ನಿಂತಿದ್ದಾಳೆ, ಏಪ್ರನ್ ಇಲ್ಲ, ಕೂದಲಿಗೆ ಎಣ್ಣೆ. ಕೆಂಪು ಕೋಟು, ಹೊಸದು, ಮಡಿಕೆಯ ಗೆರೆ ಇನ್ನೂ ಹೋಗಿಲ್ಲ. ತಲೆ ಎತ್ತಿ ಸ್ಪೀಕರನ್ನೇ ನೋಡುತ್ತಿದ್ದಾಳೆ. ಎರಡೂ ಕೈ ಹೊಟ್ಟೆಯ ಮೇಲೆ.

ಚೀಟಿ ಬೇಡ. ಕಸ ಆಮೇಲೆ. ಮೊದಲು ಅವಳ ಹೆಸರು, ಪೂರ್ತಿ ಹೆಸರು. ಝುವೋ ಗ್ವೇ-ಹ್ವಾ. ಅದಾದ ಮೇಲೆ ಬಾಯಿ ಒಣಗಿದರೆ ಒಣಗಲಿ.

ಏಳು ಹೊಡೆಯಿತು. ಕೆಮ್ಮದೆ ಮೈಕ್ ಹಿಡಿದೆ: "ಝುವೋ ಗ್ವೇ-ಹ್ವಾ, ಇವತ್ತು ನಮ್ಮ ಒಂಬತ್ತನೇ ಗಲ್ಲಿಯ ಮದುಮಗಳು."